ಹಳೆಯ ಹೆಡ್‌ಫೋನಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತು ನಮ್ಮಲ್ಲಿ ಹೆಚ್ಚಾಗಿ ದೇವಾಲಯಗಳ ಸಂಬಂಧವಾಗಿ ಬಳಕೆಯಲ್ಲಿದೆ. ಬಿರುಕುಬಿಟ್ಟ ಗೋಡೆಯನ್ನು ಕಟ್ಟುವುದು, ಸೋರುವ ಮಾಳಿಗೆಯನ್ನು ಸರಿಪಡಿಸುವುದು, ವಾಲಿದ ಕಂಬವನ್ನು ನೆಟ್ಟಗೆ ನಿಲ್ಲಿಸುವುದು, ಇವೆಲ್ಲ ಜೀರ್ಣೋದ್ಧಾರವೇ ಸರಿ. ಆದರೆ ಅದೇ ಹೆಸರಿನಲ್ಲಿ ಕಲ್ಲಿನ ಕೆತ್ತನೆಗೆ ಎಣ್ಣೆಬಣ್ಣ ಬಳಿಯುವುದೂ, ಸವೆದ ಹಾಸುಗಲ್ಲನ್ನು ಕಿತ್ತು ಹೊಳೆಯುವ ಬಿಲ್ಲೆಗಳನ್ನು ಹಾಸುವುದೂ ನಡೆಯುತ್ತದೆಂಬುದನ್ನು ವಾಚಕರು ಕಂಡೇ ಇರುತ್ತಾರೆ. ಒಂದು, ಕಾಲವು ಕೆಡಿಸಿದ್ದನ್ನು ಸರಿಪಡಿಸುವ ಕೆಲಸ. ಇನ್ನೊಂದು, ಕಾಲವು ಕೆಡಿಸದೆ ಉಳಿಸಿದ್ದನ್ನು ನಾವೇ ಕೈಯಾರೆ ಕೆಡಿಸುವ ಕೆಲಸ. ಎರಡಕ್ಕೂ ಒಂದೇ ಹೆಸರು ಸಲ್ಲುತ್ತಿರುವುದು ದುರದೃಷ್ಟಕರ. ದೇವಾಲಯದಷ್ಟು ದೊಡ್ಡದಲ್ಲದ, ಅಂಗೈಯಲ್ಲಿ ಹಿಡಿಯುವಂಥ ಒಂದು ವಸ್ತುವಿನ ವಿಷಯದಲ್ಲಿಯೂ ಇದೇ ಗೊಂದಲ ಈಗ ಹಬ್ಬಿದೆ. ಆ ವಸ್ತು ಹೆಡ್‌ಫೋನು.

ಮೂವತ್ತು, ನಾಲ್ವತ್ತು, ಐವತ್ತು ವರ್ಷಗಳ ಹಿಂದೆ ತಯಾರಾದ ಹೆಡ್‌ಫೋನುಗಳನ್ನು ಹುಡುಕಿ ಕೊಂಡು, ಬಿಚ್ಚಿ, ಶುಚಿಮಾಡಿ, ಹಳಸಿದ ಭಾಗಗಳನ್ನು ಬದಲಿಸಿ ಮತ್ತೆ ಹಾಡಿಸುವ ಹವ್ಯಾಸ ಇಂದು ಲೋಕದ ಅನೇಕ ಕಡೆಗಳಲ್ಲಿ ಬೆಳೆದಿದೆ. ಹವ್ಯಾಸವೇನೋ ಮೆಚ್ಚತಕ್ಕದ್ದೇ. ಒಂದು ಯಂತ್ರವನ್ನು ಬಿಚ್ಚಿ ಜೋಡಿಸಿದವನು ಅದನ್ನು ಕುರಿತ ಹತ್ತು ಪುಸ್ತಕಗಳನ್ನು ಓದಿದವನಿಗಿಂತ ಹೆಚ್ಚು ಕಲಿತಿರುತ್ತಾನೆ. ಆದರೆ ಈ ಹವ್ಯಾಸದ ಬೆನ್ನಿಗೆ ಇನ್ನೊಂದು ಚಪಲವೂ ಅಂಟಿಕೊಂಡು ಬಂದಿದೆ: ಸರಿಪಡಿಸಿದರೆ ಸಾಲದು, ಉತ್ತಮಪಡಿಸಲೇಬೇಕು ಎಂಬುದು. ಹಳೆಯ ತಂತಿಗೆ ಬದಲಾಗಿ ಬೆಳ್ಳಿಯ ತಂತಿ, ಸ್ಪಂಜಿಗೆ ಬದಲಾಗಿ ಚರ್ಮದ ಮೆತ್ತೆ, ಕಡೆಗೆ ಧ್ವನಿಯನ್ನು ಹುಟ್ಟಿಸುವ ಹೃದಯಭಾಗವನ್ನೇ ತೆಗೆದುಹಾಕಿ ಇಂದಿನ ಮತ್ತೊಂದನ್ನು ಕೂಡಿಸುವುದು. ಮೊದಲನೆಯ ಕೆಲಸವನ್ನು ನಾವು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇವೆ. ಎರಡನೆಯದನ್ನು ಬಹುಮಟ್ಟಿಗೆ ಒಪ್ಪಲಾರೆವು. ಹೀಗೆನ್ನಲು ಕಾರಣಗಳೇನೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಹೆಡ್‌ಫೋನು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಟೆಲಿಫೋನು ಮತ್ತು ನಿಸ್ತಂತು ಕಚೇರಿಗಳ ದುಡಿಮೆಗಾಗಿ. ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ಎಂಬಾತನು ತನ್ನ ಮನೆಯ ಅಡುಗೆಕೋಣೆಯಲ್ಲಿ ಕುಳಿತು ಕೈಯಿಂದಲೇ ತಯಾರಿಸಿದ ಹೆಡ್‌ಫೋನುಗಳನ್ನು 1910ರಲ್ಲಿ ಅಲ್ಲಿಯ ನೌಕಾಪಡೆ ಕೊಂಡುಕೊಂಡಿತು. ಅನಂತರ ಬಂದ ಸ್ಫಟಿಕ ರೇಡಿಯೋಗಳ ಯುಗದಲ್ಲಿ ಬಳಕೆಯಲ್ಲಿದ್ದುದು ಹೆಚ್ಚಾಗಿ ಕಬ್ಬಿಣದ ತಗಡಿನ ಜಾತಿಯವು. ಒಂದು ಕಾಂತದ ಎರಡು ಧ್ರುವಗಳಿಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ, ಅವುಗಳ ಮುಂದೆ ತೆಳ್ಳನೆಯ ಕಬ್ಬಿಣದ ತಗಡನ್ನು ಕೂರಿಸಿದರೆ ಮುಗಿಯಿತು. ಪ್ರವಾಹ ಏರಿಳಿದಂತೆ ಕಾಂತದ ಸೆಳೆತ ಏರಿಳಿಯುತ್ತದೆ, ತಗಡು ಕಂಪಿಸುತ್ತದೆ. ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಸಂಗೀತ ಮಾತ್ರ ಡಬ್ಬಿಯೊಳಗಿನಿಂದ ಬಂದಂತೆ ಇರುತ್ತಿತ್ತು.

ಇವುಗಳಲ್ಲಿಯೂ ಜೀರ್ಣೋದ್ಧಾರಕ್ಕೆ ಸಂಬಂಧಿಸಿದ ಒಂದು ಸ್ವಾರಸ್ಯವುಂಟು. ಆ ಕಾಲದ ವಾಲ್ವು ರೇಡಿಯೋಗಳಲ್ಲಿ ವಾಲ್ವಿನ ನೇರಪ್ರವಾಹವೇ ಹೆಡ್‌ಫೋನಿನ ಸುರುಳಿಗಳ ಮೂಲಕ ಹರಿಯುತ್ತಿತ್ತು. ತಂತಿಗಳನ್ನು ಅದಲುಬದಲು ಮಾಡಿ ಸೇರಿಸಿದರೆ ಆ ಪ್ರವಾಹ ಕಾಂತದ ಬಲಕ್ಕೆ ವಿರುದ್ಧವಾಗಿ ವರ್ತಿಸಿ, ದಿನಗಳೆದಂತೆ ಅದನ್ನು ಕುಗ್ಗಿಸುತ್ತಿತ್ತು. ಆದುದರಿಂದಲೇ ಅನೇಕ ತಯಾರಕರು ಧನಧ್ರುವದ ತಂತಿಗೆ ಬಣ್ಣದ ನೂಲಿನ ಗುರುತು ಹಾಕುತ್ತಿದ್ದರು. ಇಂದು ಇಂಥ ಹೆಡ್‌ಫೋನಿನ ಹರಕು ನೂಲುತಂತಿಯನ್ನು ಬಿಚ್ಚಿ ಬಿಸಾಡುವವರು ಆ ಗುರುತನ್ನೂ ಬಿಸಾಡುತ್ತಾರೆ. ಇನ್ನು ಕೆಲವರು ತಗಡನ್ನು ಉಗುರಿನಿಂದ ಮೀಟಿ ಎಬ್ಬಿಸುತ್ತಾರೆ. ಧ್ರುವಕ್ಕೂ ತಗಡಿಗೂ ನಡುವೆ ಇರುವ ಅಂತರ ಒಂದು ಮಿಲಿಮೀಟರಿನ ಅಲ್ಪ ಭಾಗ ಮಾತ್ರ. ಕಾಂತ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೀಟಿದರೆ ತಗಡು ಬಾಗುತ್ತದೆ, ಬಾಗಿದ ತಗಡು ಮತ್ತೆಂದಿಗೂ ಹಿಂದಿನಂತೆ ಹಾಡದು. ಅದನ್ನು ಪಕ್ಕಕ್ಕೆ ಜಾರಿಸಿ ತೆಗೆಯತಕ್ಕದ್ದು.

ಇಂದಿನ ಹೆಡ್‌ಫೋನುಗಳಲ್ಲಿ ಬಹುಪಾಲಿನವುಗಳ ಮೂಲಪುರುಷನೆನ್ನಬಹುದಾದುದು 1937ರಲ್ಲಿ ಬರ್ಲಿನ್ನಿನ ಯೂಜೆನ್ ಬೇಯರನ ಸಂಸ್ಥೆ ಹೊರತಂದ ಡಿ.ಟಿ. 48. ಇದರಲ್ಲಿ ತಗಡೂ ಇಲ್ಲ, ನಿಶ್ಚಲವಾದ ಸುರುಳಿಯೂ ಇಲ್ಲ. ಸುರುಳಿಯೇ ಹಗುರವಾದ ಪಟಲಕ್ಕೆ ಅಂಟಿಕೊಂಡು, ಕಾಂತದ ಕಿರಿದಾದ ಸಂದಿಯಲ್ಲಿ ಹಿಂದು ಮುಂದಾಡುತ್ತದೆ. ಧ್ವನಿವರ್ಧಕದ ತತ್ತ್ವವೇ ಕಿವಿಯ ಅಳತೆಗೆ ಇಳಿದು ಬಂದಿತೆನ್ನಬಹುದು. ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ 1958ರಲ್ಲಿ ಎರಡು ಕಿವಿಗೆ ಎರಡು ಬೇರೆ ಧ್ವನಿ ಕೊಡುವ ಸ್ಟೀರಿಯೋ ಹೆಡ್‌ಫೋನನ್ನು ಮಾರುಕಟ್ಟೆಗೆ ತಂದ ಮೇಲೆ ಇದು ಮನೆಯ ಸಂಗೀತದ ಸಾಧನವಾಯಿತು. ಆದರೂ ಅಂದಿನವು ಬಟ್ಟಲಿನಂತೆ ಕಿವಿಯನ್ನು ಮುಚ್ಚಿಬಿಡುವ ಭಾರವಾದ ಸಾಧನಗಳಾಗಿದ್ದುವು. ಅರ್ಧ ಗಂಟೆ ಕೇಳುವಷ್ಟರಲ್ಲಿ ಕಿವಿ ಬೆವರುತ್ತಿತ್ತು.

ಈ ಪದ್ಧತಿಯನ್ನು ಮುರಿದದ್ದು 1968ರಲ್ಲಿ ಜರ್ಮನಿಯಿಂದ ಬಂದ ಒಂದು ಹಗುರವಾದ ಹೆಡ್‌ಫೋನು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಹ್ಯಾನೋವರ್ ನಗರದ ಬಳಿಯ ವೆನ್ನೆಬೋಸ್ಟೆಲ್ ಎಂಬ ಹಳ್ಳಿಯಲ್ಲಿ ಫ್ರಿಟ್ಸ್ ಸೆನ್‌ಹೈಸರ್ ಎಂಬ ವಿಜ್ಞಾನಿ ಕೆಲವೇ ಸಹೋದ್ಯೋಗಿಗಳೊಡನೆ ಒಂದು ಪ್ರಯೋಗಶಾಲೆ ತೆರೆದು ವೋಲ್ಟ್‌ಮೀಟರುಗಳನ್ನು ತಯಾರಿಸತೊಡಗಿದ್ದರು. ಅದೇ ಸಂಸ್ಥೆಯ ಎಚ್.ಡಿ. 414 ನಾವು ಹೇಳುತ್ತಿರುವ ಹೆಡ್‌ಫೋನು. ಕಪ್ಪು ಪ್ಲಾಸ್ಟಿಕ್ಕಿನ ತೆಳುವಾದ ಪಟ್ಟಿ, ಎರಡು ತುದಿಗಳಲ್ಲಿ ಎರಡು ಪುಟ್ಟ ಚೌಕಗಳು, ಅವುಗಳ ಮೇಲೆ ಅರಿಸಿನದ ಬಣ್ಣದ ಸ್ಪಂಜು, ನೋಡುವುದಕ್ಕೆ ಆಟಿಗೆಯಂತಿತ್ತು. ಒಂದು ಕೋಟಿಗೂ ಮೀರಿ ಮಾರಾಟವಾಯಿತೆಂದು ತಯಾರಕರು ಹೇಳಿಕೊಂಡಿದ್ದಾರೆ. 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್‌ನೊಡನೆ ಬಂದ ಸ್ಪಂಜಿನ ಹೆಡ್‌ಫೋನನ್ನು ಬಲ್ಲ ವಾಚಕರು ಅದರಲ್ಲಿ ಇದರ ಚಹರೆಯನ್ನು ಗುರುತಿಸಬಹುದು.

ಇದರ ಹೊಸತನವಿದ್ದುದು ಬಣ್ಣದಲ್ಲಲ್ಲ. ಪಟಲದ ಹಿಂಭಾಗ ಮುಚ್ಚಿರಲಿಲ್ಲ. ಸ್ಪಂಜು ಕಿವಿಯನ್ನು ಗಾಳಿಯಾಡದಂತೆ ಅಮುಕುತ್ತಿರಲಿಲ್ಲ. ಮುಚ್ಚಿದ ಹೆಡ್‌ಫೋನಿನಲ್ಲಿ ಕಿವಿಯ ಮುಂದಿನ ಗಾಳಿ ಒಂದು ಸಣ್ಣ ಡಬ್ಬಿಯಲ್ಲಿ ಸೆರೆಯಾಗಿರುವುದರಿಂದ ಮಂದ್ರಸ್ವರಗಳ ಒತ್ತಡ ಸುಲಭವಾಗಿ ಉಂಟಾಗುತ್ತದೆ. ತೆರೆದ ಹೆಡ್‌ಫೋನಿನಲ್ಲಿ ಹಾಗಲ್ಲ. ಪಟಲದ ಮುಂದಿನ ಅಲೆ ಸ್ಪಂಜಿನ ರಂಧ್ರಗಳಿಂದ ಹೊರಗೆ ಸೋರುತ್ತದೆ. ಹಿಂದಿನ ಅಲೆ ಅದಕ್ಕೆ ತದ್ವಿರುದ್ಧವಾಗಿ ಸುತ್ತಿಬಂದು ಅದನ್ನು ಕುಗ್ಗಿಸುತ್ತದೆ. ಸ್ವರ ತಗ್ಗಿದಷ್ಟೂ ಈ ನಷ್ಟ ಹೆಚ್ಚು. ಆದುದರಿಂದ ಈ ಹೆಡ್‌ಫೋನಿನಲ್ಲಿ ಆಳವಾದ ಮಂದ್ರ ಕಡಿಮೆ. ಅದಕ್ಕೆ ಪ್ರತಿಯಾಗಿ ಮಾತು, ಹಾಡುಗಾರಿಕೆ, ತಂತಿವಾದ್ಯಗಳು ನಿರಾಳವಾಗಿ, ಕೋಣೆಯ ಗಾಳಿಯಲ್ಲಿ ತೇಲಿಬಂದಂತೆ ಕೇಳಿಸುತ್ತವೆ. ಕಿವಿಗೂ ಪಟಲಕ್ಕೂ ಎಷ್ಟು ದೂರವಿರಬೇಕು, ಎಷ್ಟು ಗಾಳಿ ಸೋರಬೇಕು ಎಂಬುದನ್ನು ನಿರ್ಣಯಿಸುವುದು ಆ ಸ್ಪಂಜಿನ ದಪ್ಪ ಮತ್ತು ರಂಧ್ರಗಳೇ. ಸ್ಪಂಜು ಬರಿಯ ಮೆತ್ತೆಯಲ್ಲ. ವೀಣೆಗೆ ಕುದುರೆಯಿದ್ದಂತೆ ಅದು ಧ್ವನಿಯ ಒಂದು ಅಂಗ. ಇದನ್ನು ಒತ್ತಿ ಹೇಳುತ್ತಿದ್ದೇವೆ, ಏಕೆಂದರೆ ಮುಂದಿನ ವಾದವೆಲ್ಲ ಇದರ ಮೇಲೆ ನಿಂತಿದೆ.

ಈಗ ಕಾಲವು ಏನನ್ನು ಕೆಡಿಸುತ್ತದೆಂಬುದನ್ನು ನೋಡೋಣ.

ಮೊದಲು ಹೋಗುವುದು ಸ್ಪಂಜು. ಇಂಥ ಸ್ಪಂಜುಗಳು ಸಾಮಾನ್ಯವಾಗಿ ಪಾಲಿಯುರೆಥೇನಿನವು. ಆಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞನು 1937ರಲ್ಲಿ ಕಂಡುಹಿಡಿದ ಈ ವಸ್ತು ಮೃದು, ಹಗುರ, ಅಗ್ಗ, ಆದರೆ ದೀರ್ಘಾಯುವಲ್ಲ. ಇದರಲ್ಲಿ ಒಂದು ಬಗೆಯದನ್ನು ಗಾಳಿಯ ತೇವ ಕತ್ತರಿಸುತ್ತದೆ. ಮತ್ತೊಂದು ಬಗೆಯದನ್ನು ಬೆಳಕೂ ಆಮ್ಲಜನಕವೂ ಸೇರಿ ಕೆಡಿಸುತ್ತವೆ. ಮೊದಲನೆಯದು ಅಂಟಂಟಾಗುತ್ತದೆ, ಎರಡನೆಯದು ಒಣಗಿ ಪುಡಿಯಾಗುತ್ತದೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ಈ ಗತಿ ತಪ್ಪದು. ಪುಡಿಯಾದ ಸ್ಪಂಜು ಪಟಲದ ಮೇಲೆ ಬಿದ್ದು ಕರಕರ ಸದ್ದಿಗೂ ಕಾರಣವಾಗಬಹುದು. ಇದನ್ನು ಬದಲಿಸಲೇಬೇಕು, ಬದಲಿಸುವವನಿಗೆ ನಮ್ಮ ಆಕ್ಷೇಪಣೆಯೇನೂ ಇಲ್ಲ. ಮೂಲದ ದಪ್ಪ, ಮೂಲದ ರಂಧ್ರಗಳ ಸ್ಪಂಜನ್ನೇ ಹಾಕಲಿ ಎಂಬುದಷ್ಟೇ ನಮ್ಮ ಕೋರಿಕೆ. ತಯಾರಕರೇ ಈ ಹಳದಿ ಸ್ಪಂಜನ್ನು ದಶಕಗಳ ಕಾಲ ಬಿಡಿಭಾಗವಾಗಿ ಮಾರಿದರೆಂಬುದು ಅವರಿಗೆ ಭೂಷಣ.

ಎರಡನೆಯದು ತಂತಿ. ಪಿ.ವಿ.ಸಿ. ಹೊದಿಕೆಯನ್ನು ಮೆತ್ತಗಿಡಲು ಅದರಲ್ಲಿ ಬೆರೆಸಿದ ಎಣ್ಣೆಯಂಥ ದ್ರವ್ಯ ವರ್ಷಗಳು ಕಳೆದಂತೆ ಹೊರಕ್ಕೆ ಜಿನುಗುತ್ತದೆ. ಹೊದಿಕೆ ಗಡುಸಾಗಿ ಸೀಳುತ್ತದೆ. ಕೆಲವೊಮ್ಮೆ ಒಳಗಿನ ತಾಮ್ರದೊಡನೆ ವರ್ತಿಸಿ ಹಸಿರು ಲೋಳೆಯಾಗುತ್ತದೆ. ಹಳೆಯ ಪಾತ್ರೆಯ ಕಿಲುಬನ್ನು ಕಂಡವರಿಗೆ ಆ ಬಣ್ಣ ಪರಿಚಿತವೇ. ತಂತಿಯ ಎಳೆಗಳು ಮುರಿಯುವುದು ಹೆಚ್ಚಾಗಿ ಎರಡು ತುದಿಗಳಲ್ಲಿ, ಅದು ಬಾಗುವ ಕಡೆಯಲ್ಲಿ. ಎಚ್.ಡಿ. 414ನ್ನು ರೂಪಿಸಿದವರು ಇದನ್ನು ಬಲ್ಲವರಾದುದರಿಂದ ತಂತಿಯನ್ನು ಬೆಸೆಯದೆ ಕಳಚುವ ಪಿನ್ನುಗಳಿಂದ ಜೋಡಿಸಿದರು. ಬೆರಳಿನಿಂದ ಎಳೆದರೆ ಬರುತ್ತದೆ, ಒತ್ತಿದರೆ ಕೂರುತ್ತದೆ. ಐವತ್ತು ವರ್ಷಗಳಿಗೂ ಮಿಗಿಲಾಗಿ ಇವು ಬದುಕಿ ಉಳಿದಿರುವುದರ ರಹಸ್ಯಗಳಲ್ಲಿ ಇದು ಮುಖ್ಯವಾದುದು.

ಮಿಕ್ಕವು ಸಣ್ಣಪುಟ್ಟ ಕಾಯಿಲೆಗಳು. ಪಿನ್ನುಗಳ ಮೇಲೆ ಕರಿ ಹಿಡಿದು ಧ್ವನಿ ಕಿರುಗುಟ್ಟಿದರೆ ಶುದ್ಧವಾದ ಐಸೊಪ್ರೊಪೈಲ್ ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಅಸಿಟೋನನ್ನು ಮಾತ್ರ ಹತ್ತಿರ ತರಕೂಡದು. ಅದು ಅನೇಕ ಪ್ಲಾಸ್ಟಿಕ್ಕುಗಳನ್ನು ಕರಗಿಸಿಬಿಡುತ್ತದೆ. ಪಟಲದ ಮೇಲೆ ಕೂತ ಒಂದೇ ಒಂದು ಕೂದಲು ಕೂಡ ಕೆಲವು ಸ್ವರಗಳಲ್ಲಿ ಜೇನುನೊಣದಂತೆ ಝೇಂಕರಿಸುತ್ತದೆ. ಅದನ್ನು ಮೃದುವಾದ ಕುಂಚದಿಂದ ತೆಗೆಯಬೇಕೇ ಹೊರತು ಬಾಯಿಂದ ಊದಕೂಡದು. ಬಿಚ್ಚುವ ಮೇಜಿನ ಮೇಲೆ ಕಬ್ಬಿಣದ ಅರದ ಪುಡಿ ಇದ್ದರೆ ಕಾಂತ ಅದನ್ನು ಸೆಳೆದುಕೊಂಡು ಸಂದಿಯಲ್ಲಿ ಸೇರಿಸಿಕೊಳ್ಳುತ್ತದೆ. ಅದನ್ನು ಮತ್ತೆ ಹೊರತೆಗೆಯುವುದು ಬಹಳ ಪ್ರಯಾಸದ ಕೆಲಸ.

ಇನ್ನು ಕಾಲವು ಕೆಡಿಸದ ಭಾಗಗಳು ಯಾವುವು? ಕಾಂತ, ಸುರುಳಿ, ಪಟಲ. ಪೆಟ್ಟು ಬೀಳದೆ, ಮಿತಿಮೀರಿದ ವಿದ್ಯುತ್ತು ಹರಿಯದೆ ಇದ್ದರೆ ಇವು ಬಹುಕಾಲ ಬಾಳುತ್ತವೆ. ಓಮ್‌ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದಾಗ ಸಣ್ಣಗೆ ಟಿಕ್ಕೆಂದು ಸದ್ದು ಕೇಳಿ, ಎರಡು ಪಕ್ಕಗಳ ರೋಧ ಸರಿಸುಮಾರು ಸಮವಾಗಿದ್ದರೆ ಹೃದಯ ಆರೋಗ್ಯವಾಗಿದೆಯೆಂದೇ ತಿಳಿಯಬಹುದು. ಆದರೆ ವಿಚಿತ್ರವೇನೆಂದರೆ, ಉತ್ತಮಪಡಿಸುವವರ ಕೈ ಮೊದಲು ಹೋಗುವುದು ಇವುಗಳ ಮೇಲೆಯೇ!

ಅದಕ್ಕೆ ಕಾರಣ ಒಂದು ಸಂಖ್ಯೆಯನ್ನು ಕುರಿತ ತಪ್ಪು ತಿಳಿವಳಿಕೆ. ಮೂಲದ ಎಚ್.ಡಿ. 414ರ ಪ್ರತಿಯೊಂದು ಪಕ್ಕದ ರೋಧ 2000 ಓಮ್. ಇಂದಿನ ಹೆಡ್‌ಫೋನುಗಳಲ್ಲಿ 32 ಓಮ್ ಸಾಮಾನ್ಯ. ಇಂದಿನ ಕೈಫೋನೊಂದು ಹೆಚ್ಚೆಂದರೆ 1 ವೋಲ್ಟಿನಷ್ಟು ಕೊಡುತ್ತದೆಂದು ಇಟ್ಟುಕೊಳ್ಳೋಣ. ವೋಲ್ಟಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಶಕ್ತಿ ದೊರೆಯುತ್ತದೆ: 32 ಓಮಿನ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟು, 2000 ಓಮಿನದಕ್ಕೆ ಅರ್ಧ ಮಿಲಿವ್ಯಾಟು ಮಾತ್ರ. ಸಹಜವಾಗಿಯೇ ಧ್ವನಿ ಕ್ಷೀಣವಾಗಿ ಕೇಳಿಸುತ್ತದೆ. ಕೇಳಿದವನು ‘ಮುದಿಯಾಯಿತು, ಸತ್ತಿತು’ ಎಂದು ತೀರ್ಮಾನಿಸಿ ಕತ್ತರಿ ಹಿಡಿಯುತ್ತಾನೆ. ಆದರೆ ಅದು ಮುದಿತನವಲ್ಲ, ಅದರ ಸ್ವಭಾವ. ಅದೇ ಹೆಡ್‌ಫೋನಿಗೆ 5 ವೋಲ್ಟು ಕೊಡಬಲ್ಲ ಒಂದು ಸಣ್ಣ ವರ್ಧಕವನ್ನು ಜೋಡಿಸಿದರೆ 12 ಮಿಲಿವ್ಯಾಟಿಗೂ ಮೀರಿ ದೊರೆಯುತ್ತದೆ. ಅಷ್ಟು ಬೇಕಾದುದಕ್ಕಿಂತ ಹೆಚ್ಚೇ.

ಅಷ್ಟು ದೊಡ್ಡ ರೋಧವನ್ನು ಅಂದಿನ ಎಂಜಿನಿಯರುಗಳು ಇಟ್ಟುದು ಅಜ್ಞಾನದಿಂದಲ್ಲ. ಅಂದಿನ ರೇಡಿಯೋ, ಟೇಪ್‌ರಿಕಾರ್ಡರುಗಳಲ್ಲಿ ವೋಲ್ಟಿಗೆ ಬರವಿರಲಿಲ್ಲ; ಪ್ರವಾಹಕ್ಕೆ ಬರವಿತ್ತು. 2000 ಓಮಿನ ಹೆಡ್‌ಫೋನು ಆ ಯಂತ್ರಗಳ ಮೇಲೆ ಹೊರೆಯೆನಿಸುತ್ತಿರಲಿಲ್ಲ. ಹತ್ತು ಹೆಡ್‌ಫೋನುಗಳನ್ನು ಸಮಾಂತರವಾಗಿ ಸೇರಿಸಿದರೂ ಒಟ್ಟು 200 ಓಮ್ ಉಳಿಯುತ್ತಿತ್ತು. ಶಾಲೆಯ ಭಾಷಾಭ್ಯಾಸದ ಕೋಣೆಗೆ ಎಷ್ಟು ಅನುಕೂಲ! ಮೇಲಾಗಿ, ಯಂತ್ರದ ಒಳಗೆ ಸರಣಿಯಲ್ಲಿ 120 ಓಮಿನ ರೋಧವಿದ್ದರೂ 2000 ಓಮಿನದಕ್ಕೆ ಆಗುವ ನಷ್ಟ ಅರ್ಧ ಡೆಸಿಬೆಲ್ ಮಾತ್ರ. 32 ಓಮಿನದಕ್ಕೆ ಆಗುವ ನಷ್ಟ 13 ಡೆಸಿಬೆಲ್ಲಿಗೂ ಹೆಚ್ಚು. ಅಷ್ಟೇ ಅಲ್ಲದೆ ಸ್ವರಗಳ ಸಮತೋಲವೂ ಏರುಪೇರಾಗಬಹುದು. ಹಳೆಯ ರೇಡಿಯೋ ಇಟ್ಟುಕೊಂಡು, ಹಳೆಯ ಹೆಡ್‌ಫೋನಿನ ಹೃದಯ ಕಿತ್ತು 32 ಓಮಿನದನ್ನು ಹಾಕಿದವನು ಎರಡನ್ನೂ ಕೆಡಿಸಿಕೊಂಡಂತಾಯಿತು.

ಬೆಳ್ಳಿಯ ತಂತಿಯ ವಿಚಾರ ಇದಕ್ಕಿಂತ ತಮಾಷೆಯಾದುದು. ಲೆಕ್ಕ ಹಾಕಿ ನೋಡೋಣ. 3 ಮೀಟರು ಉದ್ದದ, 0.1 ಚದರ ಮಿಲಿಮೀಟರು ಕೊಯ್ತದ ತಾಮ್ರದ ತಂತಿಗೆ, ಹೋಗುವ ಬರುವ ದಾರಿ ಎರಡೂ ಸೇರಿ, ರೋಧ ಸುಮಾರು 1 ಓಮ್. ಬೆಳ್ಳಿ ತಾಮ್ರಕ್ಕಿಂತ ಶೇಕಡಾ 6ರಷ್ಟು ಉತ್ತಮ ವಾಹಕ. ಎಂದರೆ ಬೆಳ್ಳಿಯಿಂದ ಉಳಿತಾಯವಾಗುವುದು 0.06 ಓಮ್, 2000 ಓಮಿನಲ್ಲಿ ಇದು ಲಕ್ಷಕ್ಕೆ ಮೂರು ಪಾಲು! ಕಿವಿಗೆ ಸುಮಾರಾಗಿ ಗೊತ್ತಾಗುವ 1 ಡೆಸಿಬೆಲ್ ವ್ಯತ್ಯಾಸಕ್ಕೆ ವೋಲ್ಟಿನಲ್ಲಿ ನೂರಕ್ಕೆ ಹನ್ನೆರಡು ಪಾಲು ಬದಲಾವಣೆ ಬೇಕು. ಬೆಳ್ಳಿಯ ತಂತಿಗೆ ಹಣ ತೆತ್ತವನಿಗೆ ಧ್ವನಿ ಉತ್ತಮವಾಗಿ ಕೇಳಿಸುತ್ತದೆಂದು ನಾವೂ ನಂಬುತ್ತೇವೆ. ಆದರೆ ಆ ಉತ್ತಮಿಕೆ ಹುಟ್ಟುವುದು ತಂತಿಯಲ್ಲಲ್ಲ. ಧ್ವನಿಯ ನೆನಪು ಮನಸ್ಸಿನಲ್ಲಿ ಕೆಲವು ಕ್ಷಣಗಳಿಗಿಂತ ಹೆಚ್ಚು ಕಾಲ ಖಚಿತವಾಗಿ ನಿಲ್ಲದು. ಬೆಸುಗೆ ಹಾಕಿ ಮುಗಿಸುವುದಕ್ಕೆ ಒಂದು ಗಂಟೆ ಹಿಡಿದರೆ, ಒಂದು ಗಂಟೆಯ ಹಿಂದೆ ಕೇಳಿದ್ದಕ್ಕೂ ಈಗ ಕೇಳುವುದಕ್ಕೂ ಹೋಲಿಕೆ ಮಾಡುವುದು ಸಾಧ್ಯವೇ ಇಲ್ಲ. ಎರಡರ ಮಟ್ಟವನ್ನೂ ಅಳೆದು ಸಮಮಾಡಿ, ಯಾವುದು ಯಾವುದೆಂದು ಕೇಳುವವನಿಗೆ ತಿಳಿಯದಂತೆ ಇನ್ನೊಬ್ಬರು ಬದಲಾಯಿಸುತ್ತ ಹೋದಾಗ ಹೇಳುವ ಅಭಿಪ್ರಾಯಕ್ಕೆ ಮಾತ್ರ ಬೆಲೆಯುಂಟು.

ಚರ್ಮದ ಮೆತ್ತೆಯನ್ನು ಹೀಗೆ ತಳ್ಳಿಹಾಕುವಂತಿಲ್ಲ. ಅದು ನಿಜವಾಗಿಯೂ ಧ್ವನಿಯನ್ನು ಬದಲಿಸುತ್ತದೆ. ಗಾಳಿ ಸೋರುವುದು ನಿಲ್ಲುತ್ತದೆ, ಮಂದ್ರ ಏರುತ್ತದೆ, ಅದರೊಡನೆ ಆ ನಿರಾಳತೆಯೂ ಹೋಗುತ್ತದೆ. ಹಾಗೆಯೇ ಇಂಥ ಹೆಡ್‌ಫೋನುಗಳಲ್ಲಿ ಪಟಲದ ಹಿಂದೆ ಅಂಟಿಸಿರುವ ಬಟ್ಟೆ ಅಥವಾ ಕಾಗದದ ತುಣುಕನ್ನು ‘ಕಸ’ವೆಂದು ಕಿತ್ತುಹಾಕುವವರುಂಟು. ಗಾಳಿಯ ಓಟಕ್ಕೆ ತಕ್ಕಷ್ಟು ತಡೆಯೊಡ್ಡಿ, ಪಟಲವು ತನ್ನ ಸ್ವಂತ ಕಂಪನಾಂಕದಲ್ಲಿ ಅತಿಯಾಗಿ ಕುಣಿಯದಂತೆ ಹಿಡಿಯುವುದು ಅದೇ ತುಣುಕು. ಅದನ್ನು ಕಿತ್ತರೆ ಒಂದು ಸ್ವರಸಮೂಹ ಗುಮ್ಮೆಂದು ಮೆರೆಯುತ್ತದೆ. ಮೊದಲ ದಿನ ಅದು ಗಾಂಭೀರ್ಯವೆಂದು ತೋರುತ್ತದೆ, ಒಂದು ವಾರದಲ್ಲಿ ತಲೆನೋವಾಗುತ್ತದೆ.

‘ವಸ್ತು ನಮ್ಮದು, ನಮ್ಮ ಇಷ್ಟದಂತೆ ಬದಲಿಸಿಕೊಂಡರೆ ಯಾರಿಗೇನು ನಷ್ಟ? ವಸ್ತುವಿರುವುದು ಬಳಸುವುದಕ್ಕೇ ಹೊರತು ಗಾಜಿನ ಕಪಾಟಿಗಲ್ಲ’ ಎಂದು ಕೇಳಬಹುದು. ಈ ಆಕ್ಷೇಪಣೆಗೆ ನಾವು ಬೆಲೆ ಕೊಡುತ್ತೇವೆ. ಕಪಾಟಿನಲ್ಲಿ ಪುಡಿಯಾಗುತ್ತಿರುವ ಹೆಡ್‌ಫೋನಿಗಿಂತ, ಹೊಸ ಸ್ಪಂಜು ಹಾಕಿಸಿಕೊಂಡು ಹಾಡುತ್ತಿರುವುದು ನೂರು ಪಾಲು ಮೇಲು. ಕೋಟಿಯ ಲೆಕ್ಕದಲ್ಲಿ ಮಾರಾಟವಾದ ಪದಾರ್ಥ ಅಪರೂಪವೆಂದೂ ನಾವು ಹೇಳಲಾರೆವು. ಆದರೆ 1968ರಲ್ಲಿ ಸಂಗೀತವನ್ನು ಜನ ಹೇಗೆ ಕೇಳಿದರು ಎಂಬುದಕ್ಕೆ ಅಕ್ಷರದಲ್ಲಿ ಬರೆದ ದಾಖಲೆಗಿಂತ, ಆಲೇಖದ ಗೆರೆಗಿಂತ ಒಳ್ಳೆಯ ಸಾಕ್ಷಿ ಆ ಹೆಡ್‌ಫೋನೇ. ಒಳಗೆ ಇಂದಿನ ಹೃದಯವನ್ನಿಟ್ಟು, ಹೊರಗೆ ಅಂದಿನ ಹಳದಿ ಸ್ಪಂಜನ್ನು ತೊಡಿಸಿದರೆ ಅದು ಸಾಕ್ಷಿಯಾಗಿ ಉಳಿಯುವುದಿಲ್ಲ, ಸುಳ್ಳುಸಾಕ್ಷಿಯಾಗುತ್ತದೆ. ಅದನ್ನು ಮುಂದೆ ಕೊಳ್ಳುವ ಅಪರಿಚಿತನು, ‘ಓಹೋ, ಅಂದಿನವು ಹೀಗೆ ಹಾಡುತ್ತಿದ್ದುವು’ ಎಂದು ತಪ್ಪಾಗಿ ತಿಳಿಯುತ್ತಾನೆ. ನಷ್ಟವಾಗುವುದು ಅವನಿಗೆ.

ನಮ್ಮ ವೈಣಿಕರ ನಡವಳಿಕೆ ಈ ವಿಷಯದಲ್ಲಿ ಅನುಕರಣೀಯ. ವೀಣೆಯ ಮೇಣ ಕಾಲಕ್ರಮದಲ್ಲಿ ಸವೆದು, ಮೆಟ್ಟಿಲುಗಳು ಅಪಸ್ವರಕ್ಕೆ ಬರುತ್ತವೆ. ಆಗ ಕುಶಲಿಯನ್ನು ಕರೆಸಿ ಮೇಣವನ್ನು ಹೊಸದಾಗಿ ಮಾಡಿ ಮೇಳ ಕಟ್ಟಿಸುತ್ತಾರೆ. ತಂತಿಗಳನ್ನಂತೂ ಮೇಲಿಂದಮೇಲೆ ಬದಲಿಸುತ್ತಾರೆ. ಹಲಸಿನ ಮರದ ಕೊಡವನ್ನು ಯಾರೂ ಕೊರೆದು ‘ಉತ್ತಮಪಡಿಸ’ಹೋಗುವುದಿಲ್ಲ. ಸವೆಯುವುದಕ್ಕೆಂದೇ ಇರುವ ಭಾಗ ಯಾವುದು, ನಾದ ನೆಲೆಸಿರುವ ಭಾಗ ಯಾವುದು ಎಂಬ ವಿವೇಕ ಆ ಕಸುಬಿನಲ್ಲಿ ತಲೆಮಾರುಗಳಿಂದ ಬಂದಿದೆ.

ಹಾಗೆಂದು ಯಾವ ಬದಲಾವಣೆಯೂ ಕೂಡದೆಂಬ ಹಟ ನಮಗಿಲ್ಲ. ಸುರುಳಿಯೇ ಕಡಿದುಹೋಗಿದ್ದರೆ, ಆ ಸೂಕ್ಷ್ಮವಾದ ತಂತಿಯನ್ನು ಮನೆಯಲ್ಲಿ ಕುಳಿತು ಮತ್ತೆ ಸುತ್ತುವುದು ಸಾಮಾನ್ಯರಿಗೆ ಆಗದ ಕೆಲಸ. ಕೆಟ್ಟ ಎರಡರಿಂದ ಒಳ್ಳೆಯ ಒಂದನ್ನು ಕಟ್ಟಿಕೊಳ್ಳುವುದೇ ಆಗ ಜಾಣತನ. ಆದರೆ ಅದೇ ಹೆಸರಿನ ನಂತರದ ಕೆಲವು ಮಾದರಿಗಳು 600 ಓಮಿನವು. ಒಂದು ಕಿವಿಗೆ 2000, ಇನ್ನೊಂದಕ್ಕೆ 600 ಹಾಕಿದರೆ ಧ್ವನಿ ಒಂದು ಪಕ್ಕಕ್ಕೆ ವಾಲುತ್ತದೆಂಬುದನ್ನು ಮರೆಯಬಾರದು. ಎರಡು ತಂತಿಗಳು ತಿರುವುಮುರುವಾಗದಂತೆಯೂ ನೋಡಿಕೊಳ್ಳಬೇಕು. ಒಂದು ಪಕ್ಕದ ಪಟಲ ಮುಂದೆ ಬರುವಾಗ ಇನ್ನೊಂದು ಹಿಂದೆ ಸರಿದರೆ, ಒಬ್ಬನೇ ಗಾಯಕನ ಧ್ವನಿ ತಲೆಯ ನಡುವೆ ನಿಲ್ಲದೆ ಎಲ್ಲೆಲ್ಲಿಯೂ ಹರಡಿದಂತೆ ಕೇಳಿಸುತ್ತದೆ. ಜೋಡಿಸಿದ ಮೇಲೆ ಒಂದೇ ವಾಹಿನಿಯ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿದರೆ ಈ ದೋಷ ಕೂಡಲೇ ಗೊತ್ತಾಗುತ್ತದೆ.

ಹಿಂದಕ್ಕೆ ತಿರುಗಿಸಬಹುದಾದ ಬದಲಾವಣೆಗೂ ನಮ್ಮ ಒಪ್ಪಿಗೆಯುಂಟು. ಇದಕ್ಕೆ ಆ ಕಾಲದ ಜರ್ಮನ್ ರೇಡಿಯೋಗಳ ಐದು ಕಡ್ಡಿಯ ಪ್ಲಗ್ಗು ಒಳ್ಳೆಯ ಉದಾಹರಣೆ. ಅದರ ಕಡ್ಡಿಗಳು ದಾಳದ ಮೇಲಿನ ಐದು ಚುಕ್ಕಿಗಳಂತೆ ಇರುತ್ತವೆ. ಒಂದು ರೀತಿಯಲ್ಲಿ ಚುಚ್ಚಿದರೆ ಹೆಡ್‌ಫೋನಿನೊಡನೆ ರೇಡಿಯೋದ ಧ್ವನಿವರ್ಧಕವೂ ಹಾಡುತ್ತದೆ. ಅರ್ಧ ಸುತ್ತು ತಿರುಗಿಸಿ ಚುಚ್ಚಿದರೆ ಧ್ವನಿವರ್ಧಕ ಸುಮ್ಮನಾಗಿ ಹೆಡ್‌ಫೋನು ಮಾತ್ರ ಹಾಡುತ್ತದೆ. ಗುಂಡಿಯಿಲ್ಲ, ಸ್ವಿಚ್ಚಿಲ್ಲ, ಪ್ಲಗ್ಗೇ ಸ್ವಿಚ್ಚು. ಇಂದಿನ ಯಂತ್ರಕ್ಕೆ ಹೊಂದುವುದಿಲ್ಲವೆಂದು ಇದನ್ನು ಕತ್ತರಿಸಿ 3.5 ಮಿಲಿಮೀಟರಿನ ಪ್ಲಗ್ಗನ್ನು ಬೆಸೆಯುವವರು ಹೆಚ್ಚು. ನಡುವೆ ಸೇರಿಸುವ ಒಂದು ಗೇಣುದ್ದದ ಜೋಡುತಂತಿಯನ್ನು ಮಾಡಿಕೊಂಡರೆ ಅದೇ ಕೆಲಸವಾಗುತ್ತದೆ, ಪ್ಲಗ್ಗೂ ಉಳಿಯುತ್ತದೆ. ಬೆಸೆಯಲೇಬೇಕಾದ ಕಡೆಯಲ್ಲಿ, ಕಡ್ಡಿಗಳನ್ನು ಅವುಗಳ ಜೋಡಿ ಗೂಡಿನಲ್ಲಿ ಚುಚ್ಚಿಟ್ಟುಕೊಂಡು ಬೆಸೆಯುವುದು ಮೇಲು: ಬೆಸುಗೆಯ ಕಡ್ಡಿಯ ಶಾಖ 350 ಡಿಗ್ರಿ ಸೆಂಟಿಗ್ರೇಡಿನ ಸುಮಾರು ಇರುತ್ತದೆ, ಅನೇಕ ಪ್ಲಾಸ್ಟಿಕ್ಕುಗಳು 100ರ ಆಸುಪಾಸಿನಲ್ಲಿಯೇ ಮೆತ್ತಗಾಗಿ ಕಡ್ಡಿಗಳನ್ನು ಓರೆಮಾಡುತ್ತವೆ. ತೆಗೆದ ಭಾಗಗಳನ್ನು ಒಂದು ಲಕೋಟೆಯಲ್ಲಿಟ್ಟು, ಏನು ತೆಗೆದೆವು, ಏನು ಹಾಕಿದೆವು, ಎಂದು, ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಹೆಡ್‌ಫೋನಿನೊಡನೆಯೇ ಇಡುವುದಕ್ಕೆ ಎರಡು ನಿಮಿಷ ಸಾಕು. ಮಾರುವಾಗ ಆ ಚೀಟಿಯನ್ನು ಕೊಳ್ಳುವವರ ಕೈಗೆ ಕೊಡತಕ್ಕದ್ದು ಬರಿಯ ಸೌಜನ್ಯವಲ್ಲ, ಕರ್ತವ್ಯವೆಂದೇ ನಾವು ಭಾವಿಸುತ್ತೇವೆ.

ಇಷ್ಟೆಲ್ಲವನ್ನೂ ಹವ್ಯಾಸಿಗಳಿಗೆ ಹೇಳಿ, ತಯಾರಕರನ್ನು ಸುಮ್ಮನೆ ಬಿಟ್ಟರೆ ಅನ್ಯಾಯವಾದೀತು. 1968ರ ಹೆಡ್‌ಫೋನನ್ನು ಇಂದು ನಾವು ಬಿಚ್ಚಿ ಜೋಡಿಸಬಲ್ಲೆವು. ಇಂದಿನ ಹೆಡ್‌ಫೋನನ್ನು 2080ರಲ್ಲಿ ಯಾರು ಜೋಡಿಸಬಲ್ಲರು? ಕಿವಿಯೊಳಗೆ ಇಡುವ ನಿಸ್ತಂತು ಸಾಧನಗಳಲ್ಲಿ ಅನೇಕವು ಅಂಟು ಹಾಕಿ ಮುಚ್ಚಿದವು. ಅವುಗಳ ಪುಟ್ಟ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಕಸುವು ಕಳೆದುಕೊಳ್ಳುತ್ತದೆ. ಪಟಲ ಚೆನ್ನಾಗಿದೆ, ಕಾಂತ ಚೆನ್ನಾಗಿದೆ, ಬ್ಯಾಟರಿಯೊಂದು ಸತ್ತಿತೆಂದು ಇಡೀ ವಸ್ತುವನ್ನು ಕಸದ ಬುಟ್ಟಿಗೆ ಹಾಕಬೇಕಾಗುತ್ತದೆ. ಎಚ್.ಡಿ. 414ರಲ್ಲಿ ಬಾಳಿಕೆಯಿಲ್ಲದ ಎರಡು ಭಾಗಗಳಿದ್ದುವು, ಸ್ಪಂಜು ಮತ್ತು ತಂತಿ. ಎರಡನ್ನೂ ಉಪಕರಣವಿಲ್ಲದೆ ಕಳಚಬಹುದಾಗಿತ್ತು. ಯಾವುದು ಮೊದಲು ಸಾಯುತ್ತದೆಂದು ರೂಪಿಸಿದವರಿಗೆ ಗೊತ್ತಿತ್ತು; ಅದಕ್ಕೆ ತಕ್ಕಂತೆ ಬಾಗಿಲನ್ನು ಇಟ್ಟರು. ಇಂದಿನವರಿಗೂ ಗೊತ್ತು, ಆದರೆ ಬಾಗಿಲಿಗೆ ಅಂಟು ಬಳಿದಿದ್ದಾರೆ.

ಯೂರೋಪಿನ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಬ್ಯಾಟರಿಗಳ ಶಾಸನ ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಒಯ್ಯಬಹುದಾದ ಸಾಧನಗಳ ಬ್ಯಾಟರಿಯನ್ನು ಬಳಸುವವನೇ ತೆಗೆದು ಬದಲಿಸುವಂತಿರಬೇಕೆಂದು ಅದು ವಿಧಿಸುತ್ತದೆ; ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಈ ನಿಯಮ ಅನ್ವಯವಾಗಲು ಗೊತ್ತುಮಾಡಿದ ದಿನ 2027ರ ಫೆಬ್ರವರಿ 18. ನಮ್ಮ ದೇಶದಲ್ಲಿಯೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಬ್ಯಾಟರಿಗೆ ಸಲ್ಲುವ ನ್ಯಾಯ ಮೆತ್ತೆಗೂ ತಂತಿಗೂ ಸಲ್ಲಬೇಕು. ಮೆತ್ತೆಯ ಅಳತೆ, ತಂತಿಯ ಪಿನ್ನಿನ ಅಳತೆ, ಸ್ಪಂಜಿನ ದಪ್ಪ ಇವನ್ನು ತಯಾರಕರು ಮಾರಾಟ ನಿಲ್ಲಿಸುವ ದಿನ ಪ್ರಕಟಿಸಿಬಿಟ್ಟರೆ ಅವರಿಗೆ ಕಾಸಿನ ನಷ್ಟವೂ ಇಲ್ಲ; ಬಿಡಿಭಾಗಗಳನ್ನು ಅವರು ತಯಾರಿಸದಿದ್ದರೂ ಬೇರೆ ಯಾರಾದರೂ ತಯಾರಿಸಿಕೊಡುತ್ತಾರೆ. ಒಂದು ಹಾಳೆಯಲ್ಲಿ ಮುಗಿಯುವ ಈ ನಕ್ಷೆಯನ್ನು ವಸ್ತುವಿನ ಪೆಟ್ಟಿಗೆಯಲ್ಲಿಯೇ ಇಟ್ಟುಕೊಡಬೇಕೆಂದು ನಮ್ಮ ಸರಕಾರ ನಿಯಮ ಮಾಡಲಿ.